ಮುಂಗಾಲು ಚಾಚಿದ ಬೈಕು

ಬೆಂಗಳೂರಿನ ಜೆ.ಸಿ. ರಸ್ತೆಯ ಒಳಗಲ್ಲಿಯೊಂದರ ಗ್ಯಾರೇಜಿನ ಮುಂದೆ ಆ ಬುಲೆಟ್ ನಿಂತಿದ್ದ ಭಂಗಿಯಲ್ಲೇ ಎಡವಟ್ಟು ಕಾಣುತ್ತಿತ್ತು. ಮುಂದಿನ ಫೋರ್ಕಿನ ಪೈಪುಗಳನ್ನು ಯಾರೋ ಆರು ಅಂಗುಲ ಉದ್ದ ಮಾಡಿಕೊಟ್ಟಿದ್ದರು. ಮೂತಿ ಮೇಲೆದ್ದು, ಹೆಡ್‌ಲೈಟಿನ ಬೆಳಕು ಎದುರಿನ ಕಟ್ಟಡದ ಮೊದಲ ಮಹಡಿಗೆ ಬೀಳುತ್ತಿತ್ತು. ಸೈಡ್ ಸ್ಟ್ಯಾಂಡ್ ಮಾತ್ರ ಹಳೆಯ ಅಳತೆಯದೇ. ಹಾಗಾಗಿ ಗಾಡಿ ಎಡಕ್ಕೆ ಮಿತಿಮೀರಿ ವಾಲುತ್ತಿತ್ತು, ಸ್ಟ್ಯಾಂಡಿನ ಕೆಳಗೆ ಮರದ ತುಂಡೊಂದನ್ನು ಕೊಟ್ಟು ನಿಲ್ಲಿಸಿದ್ದರು. ಗಾಡಿಯವನು ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗ. ಹೈವೇಯಲ್ಲಿ ಚೆನ್ನಾಗಿಯೇ ಓಡುತ್ತದೆ, ಮನೆ ಹತ್ತಿರದ ತಿರುವಿನಲ್ಲಿ ಮಾತ್ರ ಹ್ಯಾಂಡಲ್ ತಾನಾಗಿ ಒಂದು ಪಕ್ಕಕ್ಕೆ ಬಿದ್ದುಹೋಗುತ್ತದೆ, ಎರಡು ಸಲ ಕೆಡವಿಕೊಂಡೆ ಎಂದ.

ಮೇಸ್ತ್ರಿ ಹೆಚ್ಚು ಮಾತಾಡಲಿಲ್ಲ. ಪಕ್ಕದಲ್ಲಿ ಏಳುತ್ತಿದ್ದ ಮನೆಯ ಗಾರೆಯವರಿಂದ ತೂಗುಗುಂಡು ತರಿಸಿದರು. ಹುಡುಗನನ್ನೇ ಗಾಡಿಯ ಮೇಲೆ ನೆಟ್ಟಗೆ ಕೂರಿಸಿ, ಮುಂದಿನ ಆಕ್ಸಲ್‌ನಿಂದ ಗುಂಡು ಇಳಿಬಿಟ್ಟು, ಅದು ತೋರಿದ ಜಾಗದಲ್ಲಿ ನೆಲಕ್ಕೆ ಚಾಕ್‌ಪೀಸಿನ ಗುರುತು ಹಾಕಿದರು. ಆಮೇಲೆ ಹ್ಯಾಂಡಲ್ ತಿರುಗುವ ಬೇರಿಂಗು, ಅಂದರೆ ಕೋನ್ ಸೆಟ್, ಕೂರುವ ಕೊಳವೆಯ ಓರೆಗೆ ಸರಿಯಾಗಿ ಉದ್ದನೆಯ ಅಲ್ಯೂಮಿನಿಯಂ ಪಟ್ಟಿ ಹಿಡಿದು, ಅದು ನೆಲ ಮುಟ್ಟಿದಲ್ಲಿ ಇನ್ನೊಂದು ಗುರುತು. ಎರಡರ ನಡುವೆ ಟೇಪು ಎಳೆದರೆ ಐದೂವರೆ ಅಂಗುಲ. “ನೋಡಪ್ಪಾ, ನಿನ್ನ ಕೈಗೆ ಸಿಗೋದು ಇದು. ಮೇಲಿನ ಉದ್ದ ಬರೀ ಕಣ್ಣಿಗೆ” ಎಂದರು.

ಬೈಕಿನ ಮುಂಭಾಗ ಬದಲಿಸುವ ಬಗ್ಗೆ ಐವತ್ತು ವರ್ಷಗಳಿಂದ ನಡೆದಿರುವ ವಾದ, ಪ್ರಯೋಗ, ಲೆಕ್ಕಗಳನ್ನು ನಾನು ಓದುತ್ತ ಬಂದಿದ್ದೇನೆ. ಅವುಗಳ ಬಹುಪಾಲು ತಿರುಳು ಆ ಎರಡು ಚಾಕ್ ಗುರುತುಗಳ ನಡುವೆ ಇದೆ.

ಹ್ಯಾಂಡಲ್ ತಿರುಗುವ ಅಕ್ಷ ನೆಟ್ಟಗಿನ ಗೆರೆಯಿಂದ ಎಷ್ಟು ಡಿಗ್ರಿ ಹಿಂದಕ್ಕೆ ಒರಗಿದೆಯೋ ಅದು ರೇಕ್. ಆ ಅಕ್ಷವನ್ನು ನೆಲದವರೆಗೆ ಎಳೆದರೆ ಅದು ಟೈರು ನೆಲಕ್ಕೆ ಊರಿದ ಜಾಗಕ್ಕಿಂತ ಮುಂದೆ ಬೀಳುತ್ತದೆ. ಆ ಅಂತರ ಟ್ರೇಲ್. ತರಕಾರಿ ಅಂಗಡಿಯ ತಳ್ಳುಗಾಡಿಗೆ ಹಾಕಿದ ಸಣ್ಣ ತಿರುಗುಚಕ್ರ ಎಳೆದ ಕಡೆಗೆ ತಾನೇ ಹಿಂದಕ್ಕೆ ತಿರುಗಿ ಸಾಲಿಗೆ ಬರುತ್ತದಲ್ಲ, ಬೈಕಿನ ಮುಂಚಕ್ರ ನೇರಕ್ಕೆ ಮರಳುವುದೂ ಇದೇ ಗುಣದಿಂದ. ಇವೆರಡರ ಜೊತೆ ಮೂರನೆಯದೊಂದಿದೆ. ಫೋರ್ಕ್ ಪೈಪುಗಳನ್ನು ಹಿಡಿಯುವ ಟಿ-ಸ್ಟೆಮ್ಮು ಆಕ್ಸಲನ್ನು ತಿರುಗುವ ಅಕ್ಷಕ್ಕಿಂತ ಕೊಂಚ ಮುಂದೆ ಇಟ್ಟಿರುತ್ತದೆ. ಅದು ಆಫ್‌ಸೆಟ್. ಚಕ್ರದ ಅರ್ಧವ್ಯಾಸ, ರೇಕ್, ಆಫ್‌ಸೆಟ್ ಗೊತ್ತಿದ್ದರೆ ಟ್ರೇಲ್ ಲೆಕ್ಕ ಹೈಸ್ಕೂಲಿನ ತ್ರಿಕೋನಮಿತಿಯಷ್ಟೇ: ಅರ್ಧವ್ಯಾಸವನ್ನು ರೇಕಿನ ಸೈನ್‌ನಿಂದ ಗುಣಿಸಿ, ಆಫ್‌ಸೆಟ್ ಕಳೆದು, ಉಳಿದದ್ದನ್ನು ರೇಕಿನ ಕೊಸೈನ್‌ನಿಂದ ಭಾಗಿಸಬೇಕು.

ಲೆಕ್ಕ ಹಾಕಿಯೇ ನೋಡೋಣ. ಅರ್ಧವ್ಯಾಸ 310 ಮಿ.ಮೀ., ಆಫ್‌ಸೆಟ್ 50 ಮಿ.ಮೀ. ಇರಲಿ. ರೇಕ್ 26 ಡಿಗ್ರಿ ಇದ್ದಾಗ ಟ್ರೇಲ್ ಸುಮಾರು 96 ಮಿ.ಮೀ. ಮಿಕ್ಕದ್ದೆಲ್ಲ ಹಾಗೇ ಇಟ್ಟು ಅಕ್ಷವನ್ನು 35 ಡಿಗ್ರಿಗೆ ಒರಗಿಸಿದರೆ 156. 40 ಡಿಗ್ರಿಗೆ 195. ಇಷ್ಟು ಟ್ರೇಲ್ ಇರುವ ಗಾಡಿ ನೇರ ದಾರಿಯಲ್ಲಿ ಗೂಟ ಹೊಡೆದಂತೆ ಹೋಗುತ್ತದೆ. ಬೆಲೆ ತೆರಬೇಕಾದದ್ದು ನಿಧಾನದ ತಿರುವಿನಲ್ಲಿ. ಒರಗಿದ ಅಕ್ಷದಲ್ಲಿ ಹ್ಯಾಂಡಲ್ ತಿರುಗಿಸಿದೊಡನೆ ಗಾಡಿಯ ಮೂತಿ ಸ್ವಲ್ಪ ಕೆಳಗಿಳಿಯುತ್ತದೆ. ಇಳಿಯುವ ಭಾರ ಹ್ಯಾಂಡಲನ್ನು ಅದೇ ಕಡೆಗೆ ಇನ್ನಷ್ಟು ಎಳೆಯುತ್ತದೆ. ಟ್ರೇಲನ್ನು ರೇಕಿನ ಸೈನ್ ಮತ್ತು ಕೊಸೈನ್‌ಗಳಿಂದ ಗುಣಿಸಿದರೆ ಈ ಎಳೆತದ ಅಳತೆ ಸಿಗುತ್ತದೆ: 26 ಡಿಗ್ರಿಯಲ್ಲಿ 38 ಮಿ.ಮೀ. ಇದ್ದದ್ದು 35ರಲ್ಲಿ 73, 40ರಲ್ಲಿ 96. ಆ ಹುಡುಗ ಎರಡು ಸಲ ಬಿದ್ದದ್ದು ಇದರಿಂದ. ಅವನ ಓಡಿಸುವಿಕೆಯಲ್ಲಿ ತಪ್ಪಿರಲಿಲ್ಲ.

ರೇಕ್ ಹೆಚ್ಚಿದರೆ ಟ್ರೇಲೂ ಹೆಚ್ಚಬೇಕು, ಎರಡೂ ಒಂದೇ ಎಂಬ ನಂಬಿಕೆ ಗ್ಯಾರೇಜುಗಳಲ್ಲಿ ಗಟ್ಟಿಯಾಗಿದೆ. ಹಾರ್ಲೆ-ಡೇವಿಡ್ಸನ್ ಕಂಪನಿಯ ಎರಡು ಗಾಡಿಗಳನ್ನು ಅಕ್ಕಪಕ್ಕ ಇಟ್ಟರೆ ಅದು ಕಳಚಿ ಬೀಳುತ್ತದೆ. ಅವರ ದೊಡ್ಡ ಟೂರಿಂಗ್ ಗಾಡಿಗಳ ತಿರುಗುವ ಅಕ್ಷ 26 ಡಿಗ್ರಿ ಮಾತ್ರ, ಸಾಧಾರಣ ಬೈಕಿನಷ್ಟೇ. ಟ್ರೇಲ್ ಮಾತ್ರ 170 ಮಿ.ಮೀ. ಹತ್ತಿರ, ಏಕೆಂದರೆ ಅಲ್ಲಿ ಫೋರ್ಕ್ ಪೈಪುಗಳು ಅಕ್ಷದ ಹಿಂದೆ ಕೂತಿವೆ. ಅದೇ ಕಂಪನಿಯ ವಿ-ರಾಡ್‌ನಲ್ಲಿ ಅಕ್ಷ 34 ಡಿಗ್ರಿ, ಫೋರ್ಕು ಅದಕ್ಕಿಂತಲೂ ಮುಂದೆ ಚಾಚಿ 38 ಡಿಗ್ರಿ, ಟ್ರೇಲ್ ಸುಮಾರು 99 ಮಿ.ಮೀ. ಕಣ್ಣಿಗೆ ಉದ್ದ ಚಾಚಿದ ಗಾಡಿ, ಕೈಗೆ ಸಾಧಾರಣ ಗಾಡಿ. ನಮ್ಮ ಚೆನ್ನೈಯ ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ 650 ಗಾಡಿಗೆ ಕೊಟ್ಟಿರುವ ಅಳತೆ 24 ಡಿಗ್ರಿ ರೇಕ್, 105.7 ಮಿ.ಮೀ. ಟ್ರೇಲ್. ವಿ-ರಾಡ್‌ಗೂ ಇಂಟರ್‌ಸೆಪ್ಟರ್‌ಗೂ ರೇಕಿನಲ್ಲಿ 10 ಡಿಗ್ರಿ ವ್ಯತ್ಯಾಸ ಇದ್ದರೂ ಟ್ರೇಲಿನಲ್ಲಿ ಇರುವುದು ಬೆರಳಗಲಕ್ಕಿಂತ ಕಡಿಮೆ.

ಉದ್ದ ಫೋರ್ಕಿನ ಮೋಹ ಎಲ್ಲಿಂದ ಬಂತು ಎಂದು ಕೇಳಿದರೆ ಎಲ್ಲರೂ 1969ರ ‘ಈಸಿ ರೈಡರ್’ ಸಿನಿಮಾದ ಕಡೆ ಬೆರಳು ತೋರುತ್ತಾರೆ. ಡೆನಿಸ್ ಹಾಪರ್ ನಿರ್ದೇಶನದ ಆ ಚಿತ್ರದಲ್ಲಿ ಪೀಟರ್ ಫಾಂಡಾ ಓಡಿಸಿದ ‘ಕ್ಯಾಪ್ಟನ್ ಅಮೆರಿಕ’ ಗಾಡಿಯನ್ನು ಕಟ್ಟಿದವರು ಲಾಸ್ ಏಂಜಲೀಸ್‌ನ ಕಪ್ಪು ಜನಾಂಗದ ಇಬ್ಬರು, ಕ್ಲಿಫ್ ವಾಸ್ ಮತ್ತು ಬೆನ್ ಹಾರ್ಡಿ. ಪೊಲೀಸರು ಹರಾಜಿಗಿಟ್ಟ ಹಳೆಯ ಹಾರ್ಲೆಗಳನ್ನು ತಂದು ಕಡಿದು ಕಟ್ಟಿದ್ದು. ಚಿತ್ರದ ಕೀರ್ತಿಯಲ್ಲಿ ಅವರ ಹೆಸರು ದಶಕಗಳ ಕಾಲ ಮುಚ್ಚಿಹೋಗಿತ್ತು ಎಂಬುದು ನನಗೆ ಈಗಲೂ ನೋವಿನ ಸಂಗತಿ. ಅದೇ ಕ್ಯಾಲಿಫೋರ್ನಿಯಾದಲ್ಲಿ ಶುಗರ್ ಬೇರ್ ಎಂಬ ಹೆಸರಿನಿಂದ ಪರಿಚಿತರಾದ ಇನ್ನೊಬ್ಬರು ಉದ್ದನೆಯ ಸ್ಪ್ರಿಂಗರ್ ಫೋರ್ಕುಗಳನ್ನು ಮಾಡುತ್ತ ಬಂದರು. ಫೋರ್ಕಿನ ಬುಡದಲ್ಲಿ ಚಕ್ರ ಹಿಡಿಯುವ ಪುಟ್ಟ ತೋಳುಗಳ ಅಳತೆಯನ್ನು ಒಂದೊಂದು ಗಾಡಿಗೂ ಬೇರೆಬೇರೆ ಲೆಕ್ಕ ಹಾಕಿ ಟ್ರೇಲನ್ನು ಹದಕ್ಕೆ ತಂದದ್ದು ಅವರ ಕೈಚಳಕ. ಫೋಟೋ ನೋಡಿ ನಕಲು ಮಾಡಿದವರಿಗೆ ಫೋರ್ಕಿನ ಉದ್ದ ಕಂಡಿತು, ಆ ತೋಳುಗಳ ಲೆಕ್ಕ ಕಾಣಲಿಲ್ಲ. 2003ರಿಂದ ‘ಅಮೆರಿಕನ್ ಚಾಪರ್’ ಟಿ.ವಿ. ಸರಣಿ ಇಡೀ ಜಗತ್ತಿಗೆ ಆ ಮೋಹವನ್ನು ಮತ್ತೊಮ್ಮೆ ಹಂಚಿತು, ನಮ್ಮ ಊರುಗಳಿಗೂ.

ವಿಜ್ಞಾನಿಗಳು, ಎಂಜಿನಿಯರುಗಳು ಈ ಪ್ರಶ್ನೆಯನ್ನು ಬೇರೆ ಕಡೆಯಿಂದ ಹಿಡಿದರು. 1970ರಲ್ಲಿ ಬ್ರಿಟಿಷ್ ರಸಾಯನವಿಜ್ಞಾನಿ ಡೇವಿಡ್ ಜೋನ್ಸ್, ಯಾರೂ ಓಡಿಸಲಾಗದ ಸೈಕಲ್ ಮಾಡಿ ತೋರಿಸುತ್ತೇನೆಂದು ಹಟ ಹಿಡಿದು ಒಂದರ ಹಿಂದೆ ಒಂದು ಸೈಕಲ್ ಕಟ್ಟಿದರು. ಫೋರ್ಕನ್ನು ಹಿಂದುಮುಂದು ಮಾಡಿ ಟ್ರೇಲ್ ಹೆಚ್ಚಿಸಿದ ಸೈಕಲ್ಲು ಸವಾರನಿಲ್ಲದೆ ತಳ್ಳಿಬಿಟ್ಟರೂ ದೂರದವರೆಗೆ ಬೀಳದೆ ಓಡಿತು. ಅದೇ ಮುಂಚಕ್ರವನ್ನು ನಾಲ್ಕು ಅಂಗುಲ ಮುಂದಕ್ಕೆ ಸರಿಸಿದಾಗ ಮಾತ್ರ ಸೈಕಲ್ ಓಡಿಸುವುದು ತೀರಾ ಕಷ್ಟವಾಯಿತು. ಈ ಎರಡನೆಯ ಸೈಕಲ್ಲನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಅದು ಮತ್ತೆ ಬರುತ್ತದೆ.

ಮರುವರ್ಷ, 1971ರಲ್ಲಿ, ರಾಬಿನ್ ಶಾರ್ಪ್ ಮೋಟಾರ್ ಸೈಕಲ್ಲಿನ ಚಲನೆಯನ್ನು ಗಣಿತದಲ್ಲಿ ಬಿಡಿಸಿ, ಗಾಡಿ ಹತೋಟಿ ತಪ್ಪುವ ಬಗೆಗಳನ್ನು ಬೇರ್ಪಡಿಸಿದರು. ನಿಧಾನಕ್ಕೆ ಒಂದು ಕಡೆಗೆ ಮಗುಚಿಕೊಳ್ಳುವುದು ಒಂದು. ಹಾವಿನಂತೆ ಇಡೀ ಗಾಡಿ ಅಕ್ಕಪಕ್ಕಕ್ಕೆ ತೂಗಾಡುವುದು ಇನ್ನೊಂದು. ಹ್ಯಾಂಡಲ್ ಮಾತ್ರ ಸೆಕೆಂಡಿಗೆ ಏಳೆಂಟು ಸಲ ಪಟಪಟನೆ ಅದುರುವುದು ಮೂರನೆಯದು. ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೆ ಮದ್ದಾಗಬೇಕಿಲ್ಲ. ಟೈರು, ಭಾರ ಕೂರುವ ಜಾಗ, ಹಿಂದಿನ ಸ್ವಿಂಗ್ ಆರ್ಮ್ ಬುಷ್‌ನ ಸವೆತ, ಕೋನ್ ಸೆಟ್ಟಿನ ಬಿಗಿ ಎಲ್ಲವೂ ಇಲ್ಲಿ ಪಾಲು ಕೇಳುತ್ತವೆ. ಫೋರ್ಕ್ ಉದ್ದ ಮಾಡಿ ಗಾಲಿಗಳ ಅಂತರ ಹೆಚ್ಚಿಸಿದವರು ಮುಂಚಕ್ರದ ಮೇಲಿನ ಭಾರವನ್ನೂ ಕಡಿಮೆ ಮಾಡಿರುತ್ತಾರೆ ಎಂಬುದು ಅವರ ಗಮನಕ್ಕೇ ಬಂದಿರುವುದಿಲ್ಲ.

ಬ್ರಿಟನ್ನಿನ ಚಾಸಿ ತಜ್ಞ ಟೋನಿ ಫೋಲ್ ಇನ್ನೂ ಧೈರ್ಯದ ಕೆಲಸ ಮಾಡಿದರು. ಬಿಎಂಡಬ್ಲ್ಯು ಗಾಡಿಯೊಂದರ ರೇಕನ್ನು ಕಡಿಮೆ ಮಾಡುತ್ತ ಮಾಡುತ್ತ, ಟ್ರೇಲ್ ಮಾತ್ರ ಹದದಲ್ಲಿಟ್ಟು ಓಡಿಸಿ ನೋಡಿದರು. ಬಹುಪಾಲು ನೆಟ್ಟಗಿನ ಅಕ್ಷವಿದ್ದರೂ ಗಾಡಿ ಓಡಿತು. 26 ಡಿಗ್ರಿ ದೇವರು ಬರೆದದ್ದಲ್ಲ ಎಂದು ತೋರಿಸಿದ್ದಷ್ಟೇ ಅಲ್ಲದೆ ಕಾರ್ಖಾನೆಗಳು ಪರಂಪರೆಯಿಂದ ಹಿಡಿದುಕೊಂಡ ಅಂಕೆಗಳನ್ನು ಪ್ರಶ್ನಿಸುವ ದಾರಿಯನ್ನೂ ಅವರು ತೆರೆದರು. 2011ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಸಂಶೋಧನೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ಟ್ರೇಲ್ ಸೊನ್ನೆಗಿಂತ ಕೊಂಚ ಕಡಿಮೆಯಿದ್ದು, ಚಕ್ರದ ಗಿರಕಿಯ ಪರಿಣಾಮವನ್ನೂ ತೆಗೆದುಹಾಕಿದ ಪುಟ್ಟ ಎರಡು ಚಕ್ರದ ಗಾಡಿ ತಾನಾಗಿ ನೆಟ್ಟಗೆ ಓಡಿತು. ಭಾರದ ಹಂಚಿಕೆ ಸರಿಯಿದ್ದದ್ದೇ ಅದರ ಗುಟ್ಟು.

ಹಾಗಾದರೆ ಟ್ರೇಲ್ ಮುಖ್ಯವಲ್ಲವೇ? ಪ್ರಯೋಗಾಲಯದಲ್ಲಿ ಹೊಸದಾಗಿ ಗಾಡಿ ಕಟ್ಟುವವರಿಗೆ ಅದು ಹಲವು ಅಂಶಗಳಲ್ಲಿ ಒಂದು. ಇರುವ ಗಾಡಿಯ ಮುಂಭಾಗವನ್ನಷ್ಟೇ ಬದಲಿಸುವ ಗ್ಯಾರೇಜಿಗೆ ಮಾತ್ರ ಅದೇ ಮೊದಲನೆಯದು ಎಂದು ನನ್ನ ತೀರ್ಮಾನ. ಎಂಜಿನ್ನಿನ ಭಾರ, ಸವಾರನ ಭಾರ, ಹಿಂದಿನ ಚಕ್ರ ಯಾವುದನ್ನೂ ಅವರು ಮುಟ್ಟುತ್ತಿಲ್ಲ. ಮುಟ್ಟುತ್ತಿರುವುದು ಟ್ರೇಲನ್ನು, ಅದೂ ಗೊತ್ತಿಲ್ಲದೆ.

ಬದಲಿಸುವ ದಾರಿಗಳಲ್ಲಿ ಎಲ್ಲಕ್ಕಿಂತ ಸೌಮ್ಯವಾದದ್ದು ಪೈಪುಗಳನ್ನು ಟಿ-ಸ್ಟೆಮ್ಮಿನಲ್ಲಿ ಮೇಲೆ ಕೆಳಗೆ ಸರಿಸುವುದು. 1,400 ಮಿ.ಮೀ. ಗಾಲಿ ಅಂತರದ ಗಾಡಿಯಲ್ಲಿ ಪೈಪನ್ನು 10 ಮಿ.ಮೀ. ಮೇಲಕ್ಕೆತ್ತಿದರೆ ರೇಕ್ ಒಂದು ಡಿಗ್ರಿಯ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಇಳಿಯುತ್ತದೆ, ಟ್ರೇಲ್ ಎರಡು ಮಿ.ಮೀ. ಚಿಲ್ಲರೆ. ಕೇಳಲು ಏನೂ ಅಲ್ಲ ಅನ್ನಿಸಬಹುದು. ಓಡಿಸಿದವರ ಕೈಗೆ ಗೊತ್ತಾಗುತ್ತದೆ. 1994ರ ಡುಕಾಟಿ 916 ಗಾಡಿಯಲ್ಲಿ ಅದರ ವಿನ್ಯಾಸಕಾರ ಮಾಸ್ಸಿಮೊ ತಂಬುರಿನಿ ರೇಕನ್ನೇ ಹೊಂದಿಸಿಕೊಳ್ಳುವ ಅನುಕೂಲ ಕೊಟ್ಟಿದ್ದರು. ರೇಸಿಗಿಳಿಯುವ ಗಾಡಿಗೆ ಅವರು ಬಿಟ್ಟುಕೊಟ್ಟ ಅವಕಾಶ ಒಂದೇ ಒಂದು ಡಿಗ್ರಿ. ಬ್ರೇಕ್ ಹಿಡಿದಾಗಲೂ ಲೆಕ್ಕ ಬದಲಾಗುತ್ತದೆ: ಫೋರ್ಕ್ 100 ಮಿ.ಮೀ. ಕುಗ್ಗಿದರೆ ರೇಕ್ ನಾಲ್ಕು ಡಿಗ್ರಿಯ ಹತ್ತಿರ, ಟ್ರೇಲ್ 20 ಮಿ.ಮೀ.ಗೂ ಹೆಚ್ಚು ಇಳಿಯುತ್ತದೆ. ಪೈಪನ್ನು ಬೇಕಾಬಿಟ್ಟಿ ಮೇಲೆತ್ತಿದ ಗಾಡಿ ಗಟ್ಟಿ ಬ್ರೇಕಿನಲ್ಲಿ ಚಂಚಲವಾಗುವುದು ಅದಕ್ಕೇ. ಮಡ್‌ಗಾರ್ಡ್ ಹೋಗಿ ಟಿ-ಸ್ಟೆಮ್ಮಿನ ಕೆಳಗಿನ ಪ್ಲೇಟಿಗೆ ಬಡಿಯುವ ಅಪಾಯ ಬೇರೆ.

ಎರಡನೆಯದು ಆ ಹುಡುಗ ಹಿಡಿದ ದಾರಿ, ಉದ್ದ ಪೈಪು. ಆರು ಅಂಗುಲ ಎತ್ತರಿಸಿದರೆ ರೇಕ್ ಐದು ಡಿಗ್ರಿಗಿಂತ ಹೆಚ್ಚು ಏರುತ್ತದೆ, ಇಡೀ ಚಾಸಿ ಹಿಂದಕ್ಕೆ ಮಲಗುತ್ತದೆ. ಬಾಗುವಿಕೆಯ ಲೆಕ್ಕ ಇನ್ನೂ ಕಠೋರ. ಒಂದು ತುದಿ ಬಿಗಿದ ಕೊಳವೆಯ ಬಾಗು ಅದರ ಉದ್ದದ ಘನಕ್ಕೆ ತಕ್ಕಂತೆ ಏರುತ್ತದೆ. ಉದ್ದ ಶೇ 30 ಹೆಚ್ಚಿದರೆ ಬಾಗು ಎರಡು ಪಟ್ಟಿಗೂ ಮಿಗಿಲು. ಒರಗಿದಷ್ಟೂ ಭಾರ ಪೈಪಿನ ಅಡ್ಡಕ್ಕೆ ಬೀಳುವುದರಿಂದ ಶಾಕ್ ಅಬ್ಸಾರ್ಬರ್ ಒಳಗೆ ಜಾರದೆ ಹಿಡಿದುಕೊಳ್ಳುತ್ತದೆ, ಗುಂಡಿಗೆ ಬಿದ್ದಾಗ ಫೋರ್ಕ್ ಕುಗ್ಗುವ ಬದಲು ಬಾಗಿ ಚಿಮ್ಮುತ್ತದೆ. ಇದಕ್ಕಿಂತ ಹೆದರಬೇಕಾದದ್ದು ಹಳೆಯ ಪೈಪಿಗೆ ತುಂಡು ಪೈಪು ಸೇರಿಸಿ ಉದ್ದ ಮಾಡುವ ಪದ್ಧತಿ. ಕೆಳಗಿನ ಪ್ಲೇಟಿನ ಬುಡದಲ್ಲೇ ಬಾಗುವ ಒತ್ತಡ ಅತಿ ಹೆಚ್ಚು. ಜೋಡಣೆ ಅಲ್ಲಿ ಬಂದರೆ ಅದು ಒಂದು ದಿನ ಮುರಿದೇ ತೀರುತ್ತದೆ.

ಮೂರನೆಯದು ಮೇಲ್ನೋಟಕ್ಕೆ ತೀರಾ ಸುಲಭ. ಚಾಸಿ ಕಡಿಯಬೇಕಿಲ್ಲ, ವೆಲ್ಡಿಂಗ್ ಇಲ್ಲ. ಪೈಪುಗಳನ್ನು ಮೂರೋ ಐದೋ ಡಿಗ್ರಿ ಮುಂದಕ್ಕೆ ಚಾಚಿ ಹಿಡಿಯುವ ಟಿ-ಸ್ಟೆಮ್ ತಂದು ಹಾಕಿದರಾಯಿತು. ಗಾಡಿ ಉದ್ದ ಫೋರ್ಕಿನ ಚಾಪರಿನಂತೆ ಕಾಣುತ್ತದೆ. ಆದರೆ ಇಲ್ಲಿ ತಿರುಗುವ ಅಕ್ಷ ಇದ್ದಲ್ಲೇ ಇದೆ, ಚಕ್ರ ಮಾತ್ರ ಮುಂದೆ ಹೋಗಿದೆ. ಡೇವಿಡ್ ಜೋನ್ಸ್ ಅವರ ಆ ಎರಡನೆಯ ಸೈಕಲ್ ಇದೇ. ಪ್ಲೇಟಿನಿಂದ ಆಕ್ಸಲ್‌ಗೆ 600 ಮಿ.ಮೀ. ಇದ್ದರೆ ಐದು ಡಿಗ್ರಿಯ ಚಾಚು ಆಕ್ಸಲನ್ನು 52 ಮಿ.ಮೀ. ಮುಂದಕ್ಕೆ ಒಯ್ಯುತ್ತದೆ. 96 ಮಿ.ಮೀ. ಇದ್ದ ಟ್ರೇಲ್ ಸುಮಾರು 38ಕ್ಕೆ ಕುಸಿಯುತ್ತದೆ. ನಿಧಾನದಲ್ಲಿ ಹ್ಯಾಂಡಲ್ ಹೂವಿನಷ್ಟು ಹಗುರ, ಸವಾರ ಹಿಗ್ಗುತ್ತಾನೆ. ವೇಗ ಏರಿ ಒಂದು ಗುಂಡಿಯೋ ಗಟ್ಟಿ ಬ್ರೇಕೋ ಎದುರಾದಾಗ ಚಕ್ರಕ್ಕೆ ನೇರಕ್ಕೆ ಮರಳುವ ಶಕ್ತಿ ಉಳಿದಿರುವುದಿಲ್ಲ. ಉದ್ದ ಪೈಪಿನ ಗಾಡಿ ಬೀಳಿಸುವುದು ನಡಿಗೆಯ ವೇಗದಲ್ಲಿ, ಇದು ಬೀಳಿಸುವುದು ಎಂಬತ್ತರಲ್ಲಿ. ಕಾರ್ಖಾನೆಯ ಚಾಸಿಗೆ ಈ ಸಾಮಾನನ್ನು ನೇರವಾಗಿ ಹಾಕಲೇಬಾರದು ಎಂದು ನಾನು ಒತ್ತಿ ಹೇಳುತ್ತೇನೆ. ಸೈಡ್ ಕಾರ್ ಕಟ್ಟುವವರ ಕೈಯಲ್ಲಿ ಮಾತ್ರ ಇದೇ ಸಾಮಾನು ಸರಿಯಾದ ಜಾಗ ಸೇರುತ್ತದೆ. ಮೂರು ಗಾಲಿಯ ಗಾಡಿ ವಾಲುವುದಿಲ್ಲ, ಅದರ ಹ್ಯಾಂಡಲ್ ಕಲ್ಲಿನಷ್ಟು ಭಾರ, ಅಲ್ಲಿ ಟ್ರೇಲ್ ಇಳಿಸಬೇಕಾದದ್ದೇ.

ನಾಲ್ಕನೆಯ ದಾರಿ ಕೋನ್ ಸೆಟ್ ಕೂರುವ ಚಾಸಿಯ ಕತ್ತನ್ನೇ ಕತ್ತರಿಸಿ ಬೇರೆ ಓರೆಯಲ್ಲಿ ಕೂರಿಸುವುದು. ಲೆಕ್ಕ ಬಲ್ಲವರು ಇದನ್ನೂ ಮೂರನೆಯದನ್ನೂ ಸೇರಿಸಿ ಮಾಡುತ್ತಾರೆ. ಕತ್ತನ್ನು 35 ಡಿಗ್ರಿಗೆ ಕೂರಿಸಿದಾಗ ಬಂದ 156 ಮಿ.ಮೀ. ಟ್ರೇಲನ್ನು 110ರ ಸುತ್ತ ಇಳಿಸಬೇಕೆಂದರೆ ಆಕ್ಸಲ್ ಸುಮಾರು 38 ಮಿ.ಮೀ. ಮುಂದೆ ಹೋಗಬೇಕು. 700 ಮಿ.ಮೀ. ಉದ್ದದ ಫೋರ್ಕಿಗೆ ಅದು ಮೂರು ಡಿಗ್ರಿಯ ಟಿ-ಸ್ಟೆಮ್. ಕೈಗೆ ಹದವಾಗಿ ಸಿಗುವ, ಕಣ್ಣಿಗೆ 38 ಡಿಗ್ರಿ ಚಾಚಿದ ಗಾಡಿ ಹೀಗೆ ಹುಟ್ಟುತ್ತದೆ. ಚಾಪರ್ ಕಟ್ಟುವ ಅನುಭವಿಗಳು ಟ್ರೇಲನ್ನು ನಾಲ್ಕರಿಂದ ಆರು ಅಂಗುಲದ ಒಳಗೆ ಇಡುವ ರೂಢಿಯೂ ಈ ಲೆಕ್ಕದೊಂದಿಗೆ ಕೂಡಿಬರುತ್ತದೆ.

ಲೆಕ್ಕ ಸರಿಯಿದ್ದರೆ ಸಾಲದು, ಬೆಸುಗೆ ಹಿಡಿಯಬೇಕು. ಬ್ರೇಕ್ ಹಿಡಿದಾಗ ಇಡೀ ಗಾಡಿಯ ಹೊಡೆತ ಹೋಗಿ ಕೂರುವುದು ಆ ಕತ್ತಿನ ಮೇಲೆ. ಚಾಸಿಯನ್ನು ಜಿಗ್ ಮೇಲೆ ಬಿಗಿದು, ಹಿಂದಿನ ಚಕ್ರದ ನೇರಕ್ಕೆ ಕತ್ತು ನಿಂತಿದೆಯೇ ಎಂದು ಅಳೆದು, ಒಳಗೆ ಕೊಳವೆಯ ಆಧಾರ ಕೊಟ್ಟು, ಮೇಲೆ ತ್ರಿಕೋನದ ಪಟ್ಟಿ ಬೆಸೆಯಬೇಕು. ನೆಲದ ಮೇಲಿಟ್ಟು ಕಣ್ಣಳತೆಯಲ್ಲಿ ವೆಲ್ಡ್ ಮಾಡಿದ ಕತ್ತು ಒಂದೇ ಡಿಗ್ರಿ ತಿರುಚಿಕೊಂಡರೂ ಮುಂದಿನ ಮತ್ತು ಹಿಂದಿನ ಚಕ್ರ ಒಂದೇ ಸಾಲಿನಲ್ಲಿ ಓಡುವುದಿಲ್ಲ. ಹಳೆಯ ಬುಲೆಟ್‌ಗಳಲ್ಲಿ ಎಂಜಿನ್ನೂ ಚಾಸಿಯ ಭಾಗವಾಗಿ ಭಾರ ಹೊರುವುದರಿಂದ ಎಂಜಿನ್ ಇಳಿಸಿ ಕತ್ತರಿಸಿದ ಚಾಸಿ ಬೆಸುಗೆಯ ಕಾವಿಗೆ ಎಳೆದುಕೊಂಡು, ಮತ್ತೆ ಎಂಜಿನ್ ಕೂರಿಸುವಾಗ ಬೋಲ್ಟ್ ತೂತುಗಳೇ ಕೂಡಿಬರದ ಪ್ರಸಂಗ ನಾನು ನೋಡಿದ್ದೇನೆ. ಸುತ್ತಿಗೆಯಿಂದ ಬಡಿದು ಕೂಡಿಸಿದರು. ಆ ಗಾಡಿಯ ಹಿಂದೆ ಕೂರಲು ನನಗೆ ಧೈರ್ಯ ಬರಲಿಲ್ಲ.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ನಮ್ಮಲ್ಲಿ ಒಂದು ಗೋಡೆ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದಂತೆ ಗಾಡಿಯನ್ನು ಬದಲಿಸುವಂತಿಲ್ಲ. ಆರ್‌ಸಿಯಲ್ಲಿ ಗಾಲಿಗಳ ಅಂತರ ನಮೂದಾಗಿರುತ್ತದೆ, ರೇಕ್ ಮುಟ್ಟಿದೊಡನೆ ಅದು ತಪ್ಪುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದ ಪ್ರಕರಣವೊಂದರಲ್ಲಿ ಇದನ್ನೇ ಖಚಿತಪಡಿಸಿತು. ಅದೇ ವರ್ಷದ ತಿದ್ದುಪಡಿಯಿಂದ ಅನುಮತಿಯಿಲ್ಲದ ಬದಲಾವಣೆಗೆ ಆರು ತಿಂಗಳವರೆಗೆ ಜೈಲು ಅಥವಾ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ ಆಗಬಹುದು. ವಿಮೆ ಕಂಪನಿ ಕೈ ತೊಳೆದುಕೊಳ್ಳಲು ಇದೊಂದು ಕಾರಣ ಸಾಕು.

ಕಾಯ್ದೆಯ ಕಾಳಜಿ ನ್ಯಾಯವಾದದ್ದೇ. ರಸ್ತೆ ಒಬ್ಬನದಲ್ಲ. ಆದರೆ ಉದ್ದ ಫೋರ್ಕಿನ ಚಾಪರ್‌ಗಳಿಗೆ ಹೆಸರಾದ ಸ್ವೀಡನ್ನಿನಲ್ಲಿ ಮನೆಯಲ್ಲಿ ಕಟ್ಟಿದ, ಬದಲಿಸಿದ ಗಾಡಿಗಳನ್ನು ವಾಹನ ಕಟ್ಟುವವರದೇ ಆದ ರಾಷ್ಟ್ರೀಯ ಸಂಘಟನೆಯ ಪರಿಶೀಲಕರು ನೋಡುತ್ತಾರೆ. ಆಮೇಲೆ ಅವು ರಸ್ತೆಗಿಳಿಯುತ್ತವೆ. ಜರ್ಮನಿಯಲ್ಲಿ ತಾಂತ್ರಿಕ ತಪಾಸಣೆ ಮುಗಿಸಿ ಬದಲಾವಣೆಯನ್ನು ದಾಖಲೆಯಲ್ಲಿ ಬರೆಸಿಕೊಳ್ಳಬಹುದು. ನಮ್ಮಲ್ಲಿ ಅಂಥ ಬಾಗಿಲಿಲ್ಲ. ಬಾಗಿಲಿಲ್ಲದ್ದರಿಂದ ಕೆಲಸ ನಿಂತಿಲ್ಲ, ಅಳತೆಯಿಲ್ಲದೆ ಒಳಗಲ್ಲಿಗಳಲ್ಲಿ ನಡೆಯುತ್ತಿದೆ. ಎಂಜಿನಿಯರಿಂಗ್ ಕಾಲೇಜುಗಳು ಇಷ್ಟೊಂದು ಇರುವ ಕರ್ನಾಟಕದಲ್ಲಿ ಒಂದು ಚಾಸಿಯನ್ನು ಅಳೆದು ಸರಿ ತಪ್ಪು ಹೇಳುವವರಿಗೆ ಬರವಿಲ್ಲ. ಅವರ ಸಹಿಗೆ ಬೆಲೆ ಕೊಡುವ ನಿಯಮ ಬರಬೇಕು ಎಂದು ನಾನು ಬಹಳ ದಿನಗಳಿಂದ ಬಯಸುತ್ತಿದ್ದೇನೆ. ಅದು ಬರುವವರೆಗೆ ರಸ್ತೆಯ ಗಾಡಿಯಲ್ಲಿ ಟಿ-ಸ್ಟೆಮ್ಮಿನ ಒಳಗಿನ ಕೆಲವು ಮಿಲಿಮೀಟರುಗಳಷ್ಟೇ ನಮಗೆ ದಕ್ಕಿದ ಜಾಗ. ಅದನ್ನು ಮಾಡುವ ಮುನ್ನವೂ ಕೋನ್ ಸೆಟ್, ಸ್ವಿಂಗ್ ಆರ್ಮ್ ಬುಷ್, ಟೈರಿನ ಗಾಳಿ ನೋಡಿಕೊಂಡಿರಬೇಕು. ಸವೆದ ಕೋನ್ ಸೆಟ್ಟಿನ ತಪ್ಪನ್ನು ರೇಕಿನ ತಲೆಗೆ ಕಟ್ಟಿದ ಗಾಡಿಗಳು ಬೇಕಾದಷ್ಟಿವೆ.

ಆ ಹುಡುಗ ಹಳೆಯ ಪೈಪುಗಳನ್ನು ಮಾರಿರಲಿಲ್ಲ. ಮರುದಿನ ಗೋಣಿಚೀಲದಲ್ಲಿ ಸುತ್ತಿ ತಂದ. ಸಂಜೆಯ ಹೊತ್ತಿಗೆ ಹೊಸ ಆಯಿಲ್ ಸೀಲ್ ಹಾಕಿ ಅವನ್ನೇ ಕೂರಿಸಿದರು. ಮೇಸ್ತ್ರಿ ಮತ್ತೆ ಗುಂಡು ಇಳಿಬಿಟ್ಟು, ಮತ್ತೆ ಪಟ್ಟಿ ಹಿಡಿದು, ಹಿಂದಿನ ದಿನದ ಗುರುತುಗಳ ಪಕ್ಕದಲ್ಲೇ ಹೊಸ ಗುರುತು ಹಾಕಿದರು. ಈ ಸಲ ನಾಲ್ಕು ಅಂಗುಲಕ್ಕೆ ಒಂದು ಕಡ್ಡಿ ಕಡಿಮೆ. ಹುಡುಗ ಬಗ್ಗಿ ಎರಡು ಜೋಡಿ ಗುರುತುಗಳನ್ನೂ ಬಹಳ ಹೊತ್ತು ನೋಡಿದ. ಆಮೇಲೆ ಗಾಡಿ ಏರಿ ಗಲ್ಲಿಯ ತುದಿಗೆ ಹೋಗಿ, ಕಾಲು ಊರದೆ, ಒಂದೇ ಸುತ್ತಿಗೆ ತಿರುಗಿಸಿಕೊಂಡು ಬಂದ.